ಮರಳು, ಕರಿಹಲಗೆ, ಆರು ಚುಕ್ಕಿ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಗೆ ಬರುವ ಭಕ್ತರು ಗರ್ಭಗುಡಿಯ ಮುಂದೆ ನಿಂತು ಮೊದಲು ಹುಡುಕುವುದು ಆಂಜನೇಯನ ಕಣ್ಣುಗಳನ್ನು. ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಕದರಮಂಡಲಗಿಯ ಕಾಂತೇಶ, ಈ ಮೂವರ ದರ್ಶನವನ್ನು ಒಂದೇ ದಿನದಲ್ಲಿ ಮುಗಿಸಿದರೆ ದೊಡ್ಡ ಪುಣ್ಯ ಎಂಬ ನಂಬಿಕೆ ಈ ಭಾಗದಲ್ಲಿ ಇಂದಿಗೂ ಗಟ್ಟಿಯಾಗಿದೆ. ಮೂವರಲ್ಲಿ ಕಾಂತೇಶ ಹೆಸರಾದದ್ದು ಹೊಳೆಯುವ ಕಣ್ಣುಗಳಿಗೆ. ಕನಕದಾಸರು 'ಮೋಹನತರಂಗಿಣಿ'ಯನ್ನು ಈ ಗುಡಿಯಲ್ಲಿ ಕುಳಿತು ಬರೆದರೆಂಬ ಪ್ರತೀತಿಯೂ ಊರಿಗಿದೆ. ದೇವರ ಕಣ್ಣಿಗೆ ಇಷ್ಟು ಮರ್ಯಾದೆ ಕೊಟ್ಟ ಈ ಸೀಮೆಯೇ ಕಣ್ಣಿಲ್ಲದ ಮಕ್ಕಳ ವಿದ್ಯೆಗೂ ದೊಡ್ಡ ದಾರಿ ಹಾಕಿಕೊಟ್ಟಿತು. ಆ ದಾರಿಯಲ್ಲಿ ಮೊದಲು ನಡೆದವರಲ್ಲಿ ಒಬ್ಬರು ರಾಣೆಬೆನ್ನೂರು ತಾಲ್ಲೂಕಿನಲ್ಲಿ ಹುಟ್ಟಿದವರು, ಇನ್ನಿಬ್ಬರು ಹಾನಗಲ್ಲ ತಾಲ್ಲೂಕಿನವರು.

ಅವರ ಕಥೆಗೆ ಬರುವ ಮೊದಲು ಸಾಲಿಯ ಸಾಮಾನಿನ ಕಡೆ ಕಣ್ಣು ಹಾಯಿಸಬೇಕು. ಮಗುವೊಂದು ಓದಬಲ್ಲದೋ ಇಲ್ಲವೋ ಎಂಬುದನ್ನು ಅದರ ತಲೆ ಎಷ್ಟು ತೀರ್ಮಾನಿಸಿತೋ, ಅದರ ಮುಂದಿಟ್ಟ ಹಲಗೆ, ಪಾಟಿ, ಬಾಕು, ಮೆಟ್ಟಿಲುಗಳೂ ಅಷ್ಟೇ ತೀರ್ಮಾನಿಸಿವೆ.

ಇಂಗ್ಲಿಷರ ಆಡಳಿತ ಊರೂರಿಗೆ ಕನ್ನಡ ಸಾಲಿ ತೆರೆಯುವ ಮುಂಚೆ ಧಾರವಾಡ ಸೀಮೆಯಲ್ಲಿ ಇದ್ದದ್ದು ಗಾವಠಿ ಸಾಲಿ. ಅದಕ್ಕೆ ತನ್ನದೆನ್ನುವ ಕಟ್ಟಡ ಇರುತ್ತಿರಲಿಲ್ಲ. ಗುಡಿಯ ಕಟ್ಟೆ, ಮಠದ ಪಡಸಾಲೆ, ಇಲ್ಲವೇ ಅನುಕೂಲಸ್ಥರ ಮನೆಯ ಜಗಲಿ ಸಾಕಾಗುತ್ತಿತ್ತು. ನೆಲದ ಮೇಲೆ ಮರಳು ಹರವಿ, ಹುಡುಗನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿ, ಕಾಲು-ಅರೆ-ಮುಕ್ಕಾಲಿನ ಲೆಕ್ಕ, ಅಮರಕೋಶದ ಶ್ಲೋಕ ಎಲ್ಲವೂ ಬಾಯಿಪಾಠ. ಒಬ್ಬ ಹೇಳಿದರೆ ಹತ್ತು ಮಂದಿ ಒದರಬೇಕು. ಪುಸ್ತಕ ಇರಲಿಲ್ಲ, ಎದುರಿಗೆ ದಿಟ್ಟಿಸಿ ನೋಡುವಂಥದ್ದೂ ಏನಿರಲಿಲ್ಲ. ಹೊಗಳಿ ಅಟ್ಟಕ್ಕೇರಿಸುವಂಥ ಪದ್ಧತಿ ಅದಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ, ಎಷ್ಟೋ ಜಾತಿಯ ಗಂಡುಮಕ್ಕಳಿಗೆ ಜಗಲಿ ಹತ್ತಲೂ ಬಿಡುತ್ತಿರಲಿಲ್ಲ, ಮಾಸ್ತರರ ಕೈಯಲ್ಲಿ ಬೆತ್ತ ಸದಾ ಆಡುತ್ತಿತ್ತು. ಆದರೂ ಒಂದು ಮಾತು ಒಪ್ಪಲೇಬೇಕು. ಕಿವಿಯಿಂದ ಕೇಳಿ, ಬೆರಳಿನಿಂದ ಮುಟ್ಟಿ, ಬಾಯಿಂದ ಹೇಳಿ ಕಲಿಯುವ ಆ ಕ್ರಮದಲ್ಲಿ ಕಣ್ಣಿನ ಕೆಲಸ ಕಡಿಮೆ ಇತ್ತು. ಯಾರೂ ಉದ್ದೇಶಿಸಿ ಮಾಡಿದ ಉಪಕಾರ ಅದಲ್ಲ. ಕಾಗದ ತುಟ್ಟಿ, ಅಚ್ಚು ಇನ್ನೂ ಬಂದಿರಲಿಲ್ಲ, ಅಷ್ಟೇ.

19ನೇ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯೂಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಈ ಭಾಗದಲ್ಲಿ ಕನ್ನಡ ಸಾಲಿಗಳು ಹೆಚ್ಚಿದವು. ಮರಾಠಿಯ ನೆರಳಿನಿಂದ ಕನ್ನಡ ಹೊರಬಂದದ್ದು ಆ ಸಾಲಿಗಳಿಂದ, ಅದು ಸಣ್ಣ ಸಾಧನೆಯಲ್ಲ. ಅವುಗಳ ಜೊತೆಗೆ ಹೊಸ ಸಾಮಾನೂ ಬಂತು. ಗೋಡೆಗೆ ಕರಿಹಲಗೆ, ಕೈಗೆ ಪಾಟಿ, ಚೀಲಕ್ಕೆ ಅಚ್ಚಿನ ಪುಸ್ತಕ, ಮೊಳೆಗೆ ನೇತುಹಾಕಿದ ನಕಾಶೆ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬಂದು ಓದು, ಬರಹ, ಲೆಕ್ಕದ ಪರೀಕ್ಷೆ ಮಾಡುವ ಪದ್ಧತಿಯೂ ಬಂತು. ಮಾಸ್ತರರು ಹಲಗೆಯ ಮೇಲೆ ಬರೆದದ್ದನ್ನು ದೂರದಿಂದ ನೋಡಿ ಪಾಟಿಯ ಮೇಲೆ ಇಳಿಸಿಕೊಳ್ಳುವುದೇ ಕಲಿಕೆ ಎಂದಾಯಿತು. ಅದೇ ದಿನ, ಯಾರೂ ಹೊರಗೆ ಹೋಗು ಎನ್ನದೆಯೇ, ಕಣ್ಣು ಮಂಜಾದ ಹುಡುಗ ಸಾಲಿಯಿಂದ ಹೊರಗಾದ. ಮಾಸ್ತರರು ಹಲಗೆಯ ಕಡೆ ತಿರುಗಿ ಮಾತಾಡುವಾಗ ಅವರ ತುಟಿ ಕಾಣದ ಕಿವುಡ ಹುಡುಗನೂ ಹೊರಗಾದ. ಮಳೆ, ಹಾವು, ಹಸಿಗೆ ಹೆದರಿ ಎತ್ತರದ ಕಟ್ಟೆಯ ಮೇಲೆ ಸಾಲಿ ಕಟ್ಟಿದಾಗ ಕಾಲು ಸೊಟ್ಟಗಿದ್ದವನು ಮೆಟ್ಟಿಲ ಬುಡದಲ್ಲೇ ಉಳಿದ.

ಕಾನೂನು ಇದನ್ನು ನೋಡಿಯೂ ಸುಮ್ಮನಿತ್ತು. ಏಕೀಕರಣವಾದ ಮೇಲೆ, 1961ರಲ್ಲಿ, ಆಗಿನ ಮೈಸೂರು ರಾಜ್ಯ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ತಂದಿತು. ಮಗುವನ್ನು ಸಾಲಿಗೆ ಕಳಿಸದ ತಂದೆತಾಯಿಗೆ ದಂಡ. ಆದರೆ ಕಳಿಸದಿರಲು ಒಪ್ಪತಕ್ಕ ಕಾರಣಗಳ ಸಾಲಿನಲ್ಲಿ ಮಗುವಿನ ದೈಹಿಕ ಅಥವಾ ಮಾನಸಿಕ ನ್ಯೂನತೆಯೂ ಇತ್ತು. ಸಾಲಿ ದೂರವಿದ್ದರೆ ಹೇಗೆ ವಿನಾಯಿತಿಯೋ, ಕಾಲು ಕುಂಟಾಗಿದ್ದರೂ ಹಾಗೆಯೇ ವಿನಾಯಿತಿ. ಮೆಟ್ಟಿಲನ್ನು ಬದಲಿಸಬೇಕೆಂಬ ಯೋಚನೆ ಆ ಕಾಲದ ಕಾನೂನಿಗೆ ಹೊಳೆಯಲಿಲ್ಲ.

ಆ ಹೊತ್ತಿಗಾಗಲೇ ಹಾನಗಲ್ಲ ಕಡೆಯವರು ಬೇರೊಂದು ಸಾಲಿ ಕಟ್ಟಿ ಅರ್ಧ ಶತಮಾನವಾಗುತ್ತ ಬಂದಿತ್ತು.

ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಹುಟ್ಟಿದ್ದು 1867ರಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ. 1909ರಲ್ಲಿ ಬದಾಮಿಯ ಹತ್ತಿರ ಶಿವಯೋಗಮಂದಿರ ಸ್ಥಾಪಿಸಿದವರು ಎಂದೇ ಅವರ ಹೆಸರು ಹೆಚ್ಚು ಚಾಲ್ತಿಯಲ್ಲಿದೆ. ಅವರ ಇನ್ನೊಂದು ಕೆಲಸ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಣ್ಣತಮ್ಮಂದಿರಿಬ್ಬರಿಗೆ ಸೇರಿದ್ದು. ಇಬ್ಬರಿಗೂ ಕಣ್ಣಿರಲಿಲ್ಲ, ಇಬ್ಬರದೂ ಒಳ್ಳೆಯ ಕಂಠ. ಅವರ ಹಾಡು ಕೇಳಿದ ಸ್ವಾಮಿಗಳು ಹುಡುಗರನ್ನು ತಮ್ಮ ವಶಕ್ಕೆ ತೆಗೆದುಕೊಂಡು ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಒಬ್ಬನ ಆಯುಷ್ಯ ಬೇಗ ಮುಗಿಯಿತು. ಇನ್ನೊಬ್ಬನೇ 1892ರಲ್ಲಿ ಹುಟ್ಟಿದ ಗದಿಗೆಯ್ಯ, ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಮೊದಲು ಕರ್ನಾಟಕ ಸಂಗೀತ, ಆಮೇಲೆ ನೀಲಕಂಠಬುವಾ ಮೀರಜಕರ ಅವರ ಬಳಿ ಹಿಂದೂಸ್ತಾನಿ. ಎರಡೂ ಪದ್ಧತಿಯಲ್ಲಿ ಅಧಿಕಾರದಿಂದ ಹಾಡಬಲ್ಲವರು ಆ ಕಾಲದಲ್ಲಿ ಬೆರಳೆಣಿಕೆಯಷ್ಟಿದ್ದರು.

ಕಲಿತದ್ದನ್ನು ಅವರು ಮಠದೊಳಗೆ ಇಟ್ಟುಕೊಳ್ಳಲಿಲ್ಲ. 1914ರ ಸುಮಾರಿಗೆ ಅಂಧ ಮತ್ತು ಅನಾಥ ಹುಡುಗರನ್ನು ಕಟ್ಟಿಕೊಂಡು ಸಂಚಾರಿ ಸಂಗೀತ ಶಾಲೆ ಶುರುಮಾಡಿದರು. ಸಾಲಿಯೇ ಊರೂರು ತಿರುಗುತ್ತಿತ್ತು. ಖರ್ಚು ತೂಗಿಸಲು ನಾಟಕ ಕಂಪನಿ ಕಟ್ಟಿದರು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಅದು ನೆಲೆ ನಿಂತಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಾಗ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. ಅವರೂ ಹಾನಗಲ್ಲ ತಾಲ್ಲೂಕಿನವರೇ. 1914ರ ಮಾರ್ಚ್ 3ರಂದು ದೇವಗಿರಿಯಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು.

ಪುಣ್ಯಾಶ್ರಮದ ಬಗ್ಗೆ ಭಕ್ತಿಯಿಂದ ಬರೆದವರು ಬಹಳ. ಅದನ್ನು ಸಾಲಿಯ ಕೋಣೆಯಾಗಿ ನೋಡಿದವರು ಕಡಿಮೆ. ನೋಡಿದರೆ ತಿಳಿಯುವುದು ಇಷ್ಟು: ಅಲ್ಲಿ ಮಗುವನ್ನು ಕೋಣೆಗೆ ಹೊಂದಿಸುವ ಪ್ರಯತ್ನವಿಲ್ಲ, ಕಲಿಸುವ ವಿಷಯವನ್ನೇ ಕಣ್ಣಿನ ಹಂಗು ಬೇಡದಂತೆ ಆರಿಸಿಕೊಂಡಿದ್ದಾರೆ. ಹಾರ್ಮೋನಿಯಂನ ಕರಿಮನೆ ಬಿಳಿಮನೆಗಿಂತ ಎತ್ತರಕ್ಕಿರುತ್ತದೆ, ಅದೂ ಎರಡು, ಮೂರರ ಗುಂಪುಗಳಲ್ಲಿ. ಬೆರಳಿಗೆ ಷಡ್ಜ ಎಲ್ಲಿದೆ ಎಂದು ತಿಳಿಯಲು ಅಷ್ಟು ಸಾಕು. ತಬಲಾದ ನಡುವಿನ ಕರಣೆ ಅಂಗೈಗೇ ಗೊತ್ತಾಗುತ್ತದೆ. ತಂಬೂರಿ ಕಿವಿಯಲ್ಲೇ ಶ್ರುತಿಯಾಗುತ್ತದೆ. ತಪ್ಪಿದರೆ ಗುರು ಕೈ ಹಿಡಿದು ಬೆರಳನ್ನು ಜಾಗಕ್ಕೆ ತರುತ್ತಾರೆ, ಮರಳಿನಲ್ಲಿ ತಿದ್ದಿಸಿದ ಹಾಗೆಯೇ. ಜೊತೆಗೆ ಕಣ್ಣಿದ್ದ ಶಿಷ್ಯರೂ ಅಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಕಲಿತರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಪಂಚಾಕ್ಷರ ಗವಾಯಿಗಳ ಶಿಷ್ಯರು. ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಶಿಷ್ಯರು. ಕಾಣುವವರೂ ಕಾಣದವರೂ ಒಂದೇ ಪಡಸಾಲೆಯಲ್ಲಿ ಕಲಿಯುವುದಕ್ಕೆ ಇಂದು ಸಮನ್ವಯ ಶಿಕ್ಷಣ ಎನ್ನುತ್ತಾರೆ. ಗದಗಿನಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.

ಇದರಲ್ಲಿ ಒಂದು ತೊಡಕೂ ಇತ್ತು. ಕಣ್ಣಿಲ್ಲದವನೆಂದರೆ ಹಾಡಬೇಕು ಎಂಬ ಭಾವನೆ ಈ ಸೀಮೆಯಲ್ಲಿ ಬೇರೂರಿತು. ಕಂಠವಿಲ್ಲದ, ಲೆಕ್ಕದಲ್ಲಿ ಚುರುಕಾದ ಕುರುಡ ಹುಡುಗನೊಬ್ಬ ಬ್ಯಾಡಗಿಯಲ್ಲೋ ಕದರಮಂಡಲಗಿಯಲ್ಲೋ ಹುಟ್ಟಿದ್ದರೆ ಅವನಿಗೆ ಯಾವ ಸಾಲಿ? ಅದಕ್ಕೆ ಉತ್ತರ ತುಂಗಭದ್ರೆಯ ಆಚೆಗಿತ್ತು.

ಸ್ವಾತಂತ್ರ್ಯಕ್ಕೆ ಮುಂಚೆ ರಾಣೆಬೆನ್ನೂರು, ಬ್ಯಾಡಗಿ ಎಲ್ಲ ಮುಂಬೈ ಪ್ರಾಂತ್ಯ. ಹೊಳೆ ದಾಟಿ ಹರಿಹರಕ್ಕೆ ಕಾಲಿಟ್ಟರೆ ಮೈಸೂರು ಸಂಸ್ಥಾನ. ಆ ಸಂಸ್ಥಾನದ ರಾಜಧಾನಿಯಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾವ್ ಎಂಬವರು ಕಿವುಡ ಮತ್ತು ಕುರುಡ ಮಕ್ಕಳ ಶಾಲೆ ತೆರೆದರು. ಹಿಂದೂಸ್ತಾನದ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ, ಆ್ಯನಿ ಶಾರ್ಪ್ ಎಂಬ ಮಿಶನರಿ ಹೆಣ್ಣುಮಗಳು ತೆರೆದದ್ದು. ಅದಾಗಿ ಹದಿನಾಲ್ಕೇ ವರ್ಷಕ್ಕೆ ಕನ್ನಡದ ಊರೊಂದರಲ್ಲಿ, ಅದೂ ಮಿಶನರಿಗಳ ಕೈಯಿಂದಲ್ಲ, ಇಂಥ ಶಾಲೆ ಹುಟ್ಟಿದ್ದು ಹೆಮ್ಮೆಪಡುವ ಸಂಗತಿ. ಕನ್ನಡಕ್ಕೆ ಹೊಂದುವ ಚುಕ್ಕಿ ಲಿಪಿಯೊಂದು 'ಮೈಸೂರು ಬ್ರೈಲ್' ಎಂದು ಬಳಕೆಗೆ ಬಂದದ್ದೂ ಆ ಕಡೆಯೇ.

ಬ್ರೈಲ್ ಲಿಪಿಯ ಹುಟ್ಟು ಫ್ರಾನ್ಸಿನದು. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಮೊದಲು ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚುಹಾಕುತ್ತಿದ್ದರು. ಪುಸ್ತಕಗಳು ಭಾರವಾಗುತ್ತಿದ್ದವು, ಒಂದೊಂದು ಅಕ್ಷರದ ಸುತ್ತ ಬೆರಳಾಡಿಸಿ ಓದುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಆ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್, ಹದಿನೈದರ ವಯಸ್ಸಿನಲ್ಲಿ, 1824ರಲ್ಲಿ, ಆರೇ ಚುಕ್ಕಿಗಳ ಮನೆ ಕಟ್ಟಿ ತೊಡಕು ಬಿಡಿಸಿದ. ಬೆರಳ ತುದಿ ಅಲುಗದೆ ಒಂದೇ ಮುಟ್ಟಿಗೆ ಒಂದು ಅಕ್ಷರ. ಆದರೆ ಹಿಂದೂಸ್ತಾನಕ್ಕೆ ಬಂದಾಗ ಅದೇ ಲಿಪಿ ಪ್ರಾಂತ್ಯಕ್ಕೊಂದು ರೂಪ ತಾಳಿತು. ಒಂದು ಭಾಷೆಯ ಚುಕ್ಕಿ ಇನ್ನೊಂದು ಭಾಷೆಯಲ್ಲಿ ಬೇರೆಯೇ ಅಕ್ಷರ. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ಯುನೆಸ್ಕೋದ ನೆರವಿನಿಂದ ಭಾರತಿ ಬ್ರೈಲ್ ಎಂಬ ಏಕರೂಪ ಲಿಪಿ ನಿಗದಿಯಾಯಿತು. ಅದರಲ್ಲಿ ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಒಂದೇ. ಅದೇ ವರ್ಷ ಡೆಹರಾಡೂನಿನಲ್ಲಿ ಬ್ರೈಲ್ ಮುದ್ರಣಾಲಯವೂ ಶುರುವಾಯಿತು. ಮುಂದೆ ಮೈಸೂರಿನ ತಿಲಕನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯ ಕನ್ನಡ ಪಠ್ಯಪುಸ್ತಕಗಳನ್ನು ಅಚ್ಚುಹಾಕತೊಡಗಿತು. ಕನ್ನಡ ಬರಹದ ಗುಣಿತಾಕ್ಷರ, ಒತ್ತಕ್ಷರಗಳ ಮೇಲೆ-ಕೆಳಗಿನ ಸಡಗರಕ್ಕೆ ಇಲ್ಲಿ ಜಾಗವಿಲ್ಲ. 'ಕಿ' ಬರೆಯಬೇಕಾದರೆ ಕ, ಅದರ ಪಕ್ಕ ಇ. ಒತ್ತು ಬಂದರೆ ಅರ್ಧಾಕ್ಷರವನ್ನು ಸೂಚಿಸುವ ಚುಕ್ಕಿಯನ್ನು ಮುಂಚೆಯೇ ಕೊಟ್ಟುಬಿಡಬೇಕು. ಎಲ್ಲವೂ ಒಂದೇ ಸಾಲಿನಲ್ಲಿ ಸಾಗುತ್ತದೆ.

ಬ್ರೈಲ್ ಬರೆಯುವ ಹುಡುಗನ ಮೇಜನ್ನು ಹತ್ತಿರದಿಂದ ನೋಡಿದರೆ 'ಹೊಂದಿಸಿಕೊಳ್ಳುವುದು' ಎಂದರೆ ಏನೆಂದು ಅರ್ಥವಾಗುತ್ತದೆ. ಸಾಲು ಸಾಲು ಕಿಂಡಿಗಳಿರುವ ಬ್ರೈಲ್ ಸ್ಲೇಟಿನ ನಡುವೆ ದಪ್ಪ ಕಾಗದ ಸಿಕ್ಕಿಸಿ, ಮೊಂಡು ಮೊಳೆಯಂಥ ಸ್ಟೈಲಸ್‌ನಿಂದ ಚುಚ್ಚುತ್ತ ಹೋಗಬೇಕು. ಬರೆಯುವುದು ಬಲದಿಂದ ಎಡಕ್ಕೆ, ಪ್ರತಿ ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಕಾಗದ ತೆಗೆದು ಮಗುಚಿದರೆ ಚುಕ್ಕಿಗಳು ಮೇಲೆದ್ದು ನಿಲ್ಲುತ್ತವೆ, ಆಗ ಎಡದಿಂದ ಬಲಕ್ಕೆ ಓದು. ಈ ಕೆಲಸಕ್ಕೆ ಇಳಿಜಾರಿನ ಡೆಸ್ಕು ಒಗ್ಗದು. ಸ್ಲೇಟು ಜಾರುತ್ತದೆ, ಸ್ಟೈಲಸ್ ಉರುಳಿ ಬೀಳುತ್ತದೆ, ಬಿದ್ದದ್ದನ್ನು ನೆಲದಲ್ಲಿ ತಡಕುವಷ್ಟರಲ್ಲಿ ಉಕ್ತಲೇಖನ ನಾಲ್ಕು ಸಾಲು ಮುಂದೆ ಹೋಗಿರುತ್ತದೆ. ಮೇಜು ಸಮತಟ್ಟಾಗಿರಬೇಕು, ಅಂಚಿಗೆ ಬೆರಳಗಲದ ಪಟ್ಟಿ ಹೊಡೆದಿರಬೇಕು, ಅಗಲವೂ ಹೆಚ್ಚು ಬೇಕು, ಯಾಕೆಂದರೆ ಒಂದು ಕೈ ಓದುವಾಗ ಇನ್ನೊಂದು ಕೈಗೆ ಬರೆಯಲು ಜಾಗವಿರಬೇಕು. ಒಂದೇ ಪಾಠಪುಸ್ತಕ ಬ್ರೈಲ್‌ನಲ್ಲಿ ಹಲವು ಸಂಪುಟವಾಗುತ್ತದೆ, ಅದನ್ನಿಡಲು ಪಕ್ಕದಲ್ಲೇ ಕಪಾಟು ಬೇಕು. ಲೆಕ್ಕಕ್ಕೆ ಟೇಲರ್ ಫ್ರೇಮ್. ಎಂಟು ಮೂಲೆಯ ರಂಧ್ರಗಳ ಹಲಗೆ, ಅದರಲ್ಲಿ ನಿಲ್ಲಿಸುವ ಪುಟ್ಟ ಸೀಸದ ಮೊಳೆಗಳು. ಮೊಳೆ ಯಾವ ಕಡೆಗೆ ತಿರುಗಿದೆ ಎಂಬುದರ ಮೇಲೆ ಅಂಕೆ ಬದಲಾಗುತ್ತದೆ. ಮೊಳೆಯ ಎರಡು ತುದಿ, ರಂಧ್ರದ ಎಂಟು ದಿಕ್ಕು ಸೇರಿ ಹದಿನಾರು ಗುರುತು. ಮೊಣಕೈ ತಾಗಿ ಹಲಗೆ ಬಿದ್ದರೆ ಇಡೀ ಭಾಗಾಕಾರ ನೆಲದ ಪಾಲು. ಬಡಗಿಯೊಬ್ಬ ಅರ್ಧ ದಿನದಲ್ಲಿ ಮಾಡಿಕೊಡಬಹುದಾದ ಪಟ್ಟಿಯೊಂದು ಇಲ್ಲದ್ದರಿಂದ ಲೆಕ್ಕದಲ್ಲಿ ಹಿಂದುಳಿದವರು ಎಷ್ಟಿರಬಹುದು ಎಂದು ಯಾರೂ ಎಣಿಸಿಲ್ಲ.

ಕಿವುಡ ಮಕ್ಕಳ ಕಥೆ ಇನ್ನೂ ಜಟಿಲ. ಅವರ ತೊಂದರೆ ಹೊರಗೆ ಕಾಣುವುದಿಲ್ಲ. ಮಾತಿಗೆ ತಿರುಗದ ಹುಡುಗನನ್ನು ದಡ್ಡ ಎಂದೋ ಮೊಂಡ ಎಂದೋ ಹಿಂದಿನ ಸಾಲಿಗೆ ಕಳಿಸುವುದು ರೂಢಿ. ಅವನು ಕೂರಬೇಕಾದದ್ದು ಮುಂದೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಸಂಜ್ಞೆಯನ್ನು ಬಿಟ್ಟು ಬಾಯಿಮಾತಿನಲ್ಲೇ ಕಲಿಸಬೇಕೆಂದು ನಿರ್ಣಯಿಸಿತು. ಆ ನಿರ್ಣಯದ ಹೊಡೆತ ಹಿಂದೂಸ್ತಾನದ ಶಾಲೆಗಳಿಗೂ ತಟ್ಟಿತು, ಕೈಯಲ್ಲಿ ಮಾತಾಡಿದ ಮಕ್ಕಳಿಗೆ ಕೈ ಕಟ್ಟಿ ಕೂರುವ ಶಿಕ್ಷೆ ಬಹುಕಾಲ ನಡೆಯಿತು. ಭಾರತೀಯ ಸಂಜ್ಞಾ ಭಾಷೆಗೆ ರಾಷ್ಟ್ರೀಯ ಮಟ್ಟದ ಸಂಶೋಧನಾ ಕೇಂದ್ರ ದಿಲ್ಲಿಯಲ್ಲಿ ಬಂದದ್ದು 2015ರಲ್ಲಿ. ಈ ನಡುವೆ 1960ರ ದಶಕದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು, ಕಿವಿ ಪರೀಕ್ಷೆ ಎಂಬುದೊಂದಿದೆ ಎಂದು ಕನ್ನಡ ನಾಡಿಗೆ ತಿಳಿಯಿತು. ಹೊಳೆಯ ಈಚೆಗೆ ಬೆಳಗಾವಿಯಲ್ಲಿ ಕಿವುಡ ಮಕ್ಕಳ ಸರ್ಕಾರಿ ವಸತಿ ಶಾಲೆ, ಹುಬ್ಬಳ್ಳಿಯಲ್ಲಿ ಅಂಧ ಮಕ್ಕಳದ್ದು ನಡೆದು ಬಂದವು. ಆದರೆ ವಸತಿ ಶಾಲೆ ಎಂದರೆ ಆರು ವರ್ಷದ ಕೂಸನ್ನು ಮನೆಬಿಡಿಸಿ ಕಳಿಸುವುದು. ಹೆಣ್ಣುಮಗುವಾದರೆ ಆ ಮಾತನ್ನೇ ಎತ್ತುತ್ತಿರಲಿಲ್ಲ.

ಶ್ರವಣಸಾಧನ ಕೊಟ್ಟರೆ ಕೆಲಸ ಮುಗಿಯಿತು ಎಂದು ತಿಳಿದವರಿಗೆ ಸಾಲಿಯ ಕೋಣೆಯೇ ಪಾಠ ಕಲಿಸುತ್ತದೆ. ಸಾಧನ ಮಾಸ್ತರರ ದನಿಯನ್ನಷ್ಟೇ ಅಲ್ಲ, ಬಾಕು ಎಳೆದ ಸದ್ದು, ತಗಡಿನ ಮೇಲೆ ಬೀಳುವ ಮಳೆ, ಪಕ್ಕದ ಕೋಣೆಯ ಮಗ್ಗಿ, ಬಿಸಿಯೂಟದ ತಟ್ಟೆಗಳ ಗದ್ದಲ ಎಲ್ಲವನ್ನೂ ಒಂದೇ ಸಮ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ಕಲ್ಲುಹಾಸಿನ, ಬರಿಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸಿ ಮಾತು ಕಲಸಿಹೋಗುತ್ತದೆ. ನೆಲಕ್ಕೆ ಜಮಖಾನೆ, ಗೋಡೆಗೆ ಬಟ್ಟೆಯ ತೋರುಹಲಗೆ, ಬಾಕಿನ ಕಾಲಿಗೆ ರಬ್ಬರ್ ಬೂಚು ಹಾಕಿದರೆ ಅರ್ಧ ಗದ್ದಲ ಇಳಿಯುತ್ತದೆ. ಇನ್ನರ್ಧ ಮಾಸ್ತರರ ಕೈಯಲ್ಲಿದೆ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಅವರ ಮುಖ ಕಪ್ಪಾಗಿ ತುಟಿ ಕಾಣದು, ಬೆಳಕು ಮುಖದ ಮೇಲೆ ಬೀಳುವಂತೆ ನಿಂತರೆ ಕಾಣುತ್ತದೆ. ಅದಕ್ಕೆ ಖರ್ಚಿಲ್ಲ. ಮಂದದೃಷ್ಟಿಯ ಮಗುವಿಗೂ ಅದೇ ಕಿಟಕಿ ವೈರಿ. ಹೊಳೆಯುವ ಹಲಗೆಯ ಮೇಲೆ ಬಿಸಿಲು ಬಿದ್ದರೆ ಬರೆದದ್ದು ಮಾಯ. ದಪ್ಪ ಗೆರೆಯ ವಹಿ, ಪುಸ್ತಕ ನಿಲ್ಲಿಸಲು ಓರೆ ಹಲಗೆ, ಮುಂದಿನ ಸಾಲಿನಲ್ಲಿ ಜಾಗ ಇದ್ದರೆ ಎಷ್ಟೋ ಮಕ್ಕಳಿಗೆ ಬ್ರೈಲ್ ಬೇಕಾಗುವುದೇ ಇಲ್ಲ.

ಪೋಲಿಯೋ ಕಾಲದ ನೆನಪು ಈ ಭಾಗದ ಹಿರಿಯರಿಗೆ ಇನ್ನೂ ಹಸಿಯಾಗಿದೆ. ಪಲ್ಸ್ ಪೋಲಿಯೋ ಅಭಿಯಾನ 1995ರಲ್ಲಿ ಶುರುವಾಗಿ, ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ದಾಖಲಾಗುವವರೆಗೆ, ಕಾಲಿನ ಊನವೆಂದರೆ ಬಹುಮಟ್ಟಿಗೆ ಪೋಲಿಯೋ ಎಂದೇ ಅರ್ಥ. ಅಪ್ಪನ ಹೆಗಲು, ಅಣ್ಣನ ಸೈಕಲ್ ಕ್ಯಾರಿಯರ್ ಆ ಮಕ್ಕಳ ವಾಹನ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಅಂಗವಿಕಲರ ಸಂಘ ಕಟ್ಟಿದಾಗ ಅವರೇ ಗಾಲಿಕುರ್ಚಿಯಲ್ಲಿದ್ದವರು. ಹೊರಗಿನಿಂದ ಬಂದ ದಯೆಗೂ, ಕುರ್ಚಿಯಲ್ಲಿ ಕೂತವರೇ ಬಾಗಿಲ ಅಗಲ ಅಳೆಯುವುದಕ್ಕೂ ಇರುವ ಫರಕು ಅಲ್ಲಿಂದ ಕಾಣತೊಡಗಿತು. ಕ್ಯಾಲಿಪರ್ ತೊಟ್ಟ ಹುಡುಗನನ್ನೇ ತೆಗೆದುಕೊಳ್ಳಿ. ನಿಲ್ಲುವಾಗ ಮೊಣಕಾಲಿನ ಕಬ್ಬಿಣದ ಬೀಗ ಬಿದ್ದು ಕಾಲು ನೆಟ್ಟಗಾಗುತ್ತದೆ, ಕೂರುವಾಗ ಬೀಗ ಎತ್ತಿ ಮಡಚಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಸಾಲಿಯಲ್ಲಿ ಅವನಿಗೆ ಅದು ಆಗದ ಮಾತು. ಕಾಲು ಚಾಚಿ ಕೂತರೆ ಮುಂದಿನವನ ಬೆನ್ನಿಗೆ ಬೂಟು ತಾಗುತ್ತದೆ, ಏಳಲು ಹಿಡಿದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಬಾಕೂ ಡೆಸ್ಕೂ ಒಂದಕ್ಕೊಂದು ಬೆಸೆದ ಸಾಮಾನು ಬಂದ ಮೇಲೂ ನೆಟ್ಟಗಿನ ಕಾಲನ್ನು ಒಳಗೆ ತೂರಿಸಲು ಬರುವುದಿಲ್ಲ. ಬಿಡಿ ಕುರ್ಚಿ, ಎತ್ತರದ ಮೇಜು, ಗೋಡೆಗೊಂದು ಹಿಡಿ, ಬೇಕಾದದ್ದು ಇಷ್ಟೇ.

ಸರ್ಕಾರ ಈ ಕಡೆ ತಿರುಗಿದ್ದು ನಿಧಾನವಾಗಿ. 1964-66ರ ಕೊಠಾರಿ ಆಯೋಗ ಇಂಥ ಮಕ್ಕಳನ್ನು ಸಾಮಾನ್ಯ ಸಾಲಿಗಳಲ್ಲೇ ಓದಿಸುವ ಮಾತಾಡಿತು, 1974ರಲ್ಲಿ ಕೇಂದ್ರ ಅದಕ್ಕೊಂದು ಯೋಜನೆ ಮಾಡಿತು, 1995ರಲ್ಲಿ ಮೊದಲ ಅಂಗವಿಕಲರ ಕಾಯ್ದೆ ಬಂತು. ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದದ್ದು ಅದಾದ ಎರಡು ವರ್ಷಕ್ಕೆ, 1997ರಲ್ಲಿ. ಹಳ್ಳಿಯ ಸಾಲಿಯ ಮುಂದೆ ಸಿಮೆಂಟು ಬಿದ್ದದ್ದು ಮಾತ್ರ ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ, ಅದೂ ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ. ತಡೆಯಿಲ್ಲದೆ ಒಳಗೆ ಹೋಗುವಂತಿರಬೇಕು ಎಂಬುದು ಆ ಕಾಯ್ದೆಯ ಅನುಸೂಚಿಯಲ್ಲಿ ಸಾಲಿಯ ಕಟ್ಟಡಕ್ಕೆ ಹಾಕಿದ ಷರತ್ತುಗಳಲ್ಲಿ ಒಂದು. ಪದ್ಮಭೂಷಣ ಪಡೆದ ಪುಟ್ಟರಾಜ ಗವಾಯಿಗಳು ತೀರಿಕೊಂಡದ್ದು ಅದೇ ವರ್ಷದ ಸೆಪ್ಟೆಂಬರ್ 17ರಂದು. ಕಣ್ಣಿಲ್ಲದ ಮಗು ಊರಿನ ಸಾಲಿಯಲ್ಲೇ ಓದಬಹುದು ಎಂದು ಕಾನೂನು ಹೇಳುವ ಹೊತ್ತಿಗೆ, ಭಗವದ್ಗೀತೆಯನ್ನು ಬ್ರೈಲ್‌ಗೆ ಇಳಿಸಿದ, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದ ಅವರಿಗೆ 96 ವರ್ಷ.

ಇಳಿಜಾರು ಕಟ್ಟುವುದು ಸುಲಭ ಎಂದುಕೊಂಡವರು ಲೆಕ್ಕ ಹಾಕಿರುವುದಿಲ್ಲ. ನಿಯಮ ಹೇಳುವುದು ಒಂದಕ್ಕೆ ಹನ್ನೆರಡು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಸಾಲಿಯ ಕಟ್ಟೆ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರು 18 ಅಡಿ ಚಾಚಬೇಕು, ಎರಡೂವರೆ ಅಡಿ ಇದ್ದರೆ 30 ಅಡಿ. ಜೊತೆಗೆ ಎರಡೂ ಬದಿಗೆ ಕೈಹಿಡಿ, ಮೇಲೆ ಕುರ್ಚಿ ತಿರುಗಿಸಲು ಸಮತಟ್ಟು ಜಾಗ. ಅಂಗಳ ಚಿಕ್ಕದು, ಅನುದಾನ ಇನ್ನೂ ಚಿಕ್ಕದು. ಹಾಗಾಗಿ ರಾಜ್ಯದ ಎಷ್ಟೋ ಸಾಲಿಗಳಲ್ಲಿ ಆರೇಳು ಅಡಿಯಲ್ಲೇ ಕೆಲಸ ಮುಗಿಸಿದರು. ಅದನ್ನು ಗಾಲಿಕುರ್ಚಿಯಲ್ಲಿ ಹತ್ತುವುದು ಪೈಲ್ವಾನನಿಗೂ ಕಷ್ಟ. ಉಳಿದ ಮಕ್ಕಳಿಗೆ ಒಳ್ಳೆಯ ಜಾರುಬಂಡೆಯಾಯಿತು, ಅಷ್ಟು ಉಪಯೋಗವಂತೂ ಆಯಿತು. ವರ್ಷವರ್ಷದ ಸಾಲಿ ಮಾಹಿತಿಯ ನಮೂನೆಯಲ್ಲಿ 'ರ್‍ಯಾಂಪ್ ಇದೆ' ಎಂಬಲ್ಲಿ ಗುರುತು ಬಿದ್ದರೆ ಸಾಕು, ಎಷ್ಟು ಕಡಿದು ಎಂದು ಕೇಳುವವರು ಕಡಿಮೆ. ಇಳಿಜಾರಿನ ಬುಡದಿಂದ ರಸ್ತೆಯವರೆಗಿನ ಅಂಗಳ ಎರೆಮಣ್ಣಿನದಾಗಿದ್ದರೆ ಮಳೆಗಾಲದಲ್ಲಿ ಗಾಲಿ ಹೂತುಹೋಗುತ್ತದೆ. ಅದಕ್ಕೆ ನಮೂನೆಯಲ್ಲಿ ಕಾಲಮ್ಮೇ ಇಲ್ಲ.

ಸಿಮೆಂಟಿಗಿಂತ ಹೆಚ್ಚು ಕೆಲಸ ಮಾಡಿದ್ದು ಮನುಷ್ಯರು. ಪ್ರತಿ ತಾಲ್ಲೂಕಿಗೆ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ಬಂದರು. ಸಾಲಿಗೆ ಬರಲಾಗದಷ್ಟು ತೀವ್ರ ಊನವಿರುವ ಮಕ್ಕಳ ಮನೆಗೆ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣ ಬಂತು, ಶಿಕ್ಷಣ ಹಕ್ಕಿನ ಕಾಯ್ದೆಯ 2012ರ ತಿದ್ದುಪಡಿ ಅದನ್ನು ಹಕ್ಕಾಗಿಸಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರೇ ಆದ ಪುನರ್ವಸತಿ ಕಾರ್ಯಕರ್ತರು ಮನೆಮನೆ ತಿರುಗಿ, ಒಳಕೋಣೆಯಲ್ಲಿದ್ದ ಮಕ್ಕಳನ್ನು ಲೆಕ್ಕಕ್ಕೆ ತಂದರು. ತಮ್ಮ ತ್ರಿಚಕ್ರ ವಾಹನವನ್ನು ಅಂಗಳದಲ್ಲಿ ನಿಲ್ಲಿಸಿ ಒಳಗೆ ಬಂದವರ ಮುಂದೆ, ನಮ್ಮ ಮಗು ಸಾಲಿಗೆ ಯಾಕೆ ಎಂದು ಹೇಳುವುದು ತಂದೆತಾಯಿಗೂ ಕಷ್ಟವಾಗುತ್ತದೆ.

ಅಂಗವಿಕಲರ ಹಕ್ಕಿನ 2016ರ ಹೊಸ ಕಾಯ್ದೆ ಊನಗಳ ಪಟ್ಟಿಯನ್ನು ಏಳರಿಂದ 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ, ಸ್ನಾಯುಕ್ಷಯ ಎಲ್ಲ ಅದರೊಳಗೆ ಬಂದವು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಮೆಟ್ಟಿಲು ತೊಂದರೆಯಲ್ಲ, ಗಂಟೆಯ ಸದ್ದು ತೊಂದರೆ. ಬಿಸಿಯೂಟದ ಹೊತ್ತಿನ ಗದ್ದಲಕ್ಕೆ ಕಿವಿ ಮುಚ್ಚಿ ಮೂಲೆ ಸೇರುವ ಮಗುವಿಗೆ ಬೇಕಾದದ್ದು ಆ ಮೂಲೆಯೇ, ಒಂದು ಚಾಪೆ, ಕಡಿಮೆ ಬೆಳಕು, ಯಾರೂ ಎಬ್ಬಿಸದ ಹತ್ತು ನಿಮಿಷ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ, ಪ್ರವೇಶಸಾಧ್ಯತೆಯ ಮಾನದಂಡಗಳನ್ನು ಬರೀ ಸಲಹೆಯಂತೆ ಇಟ್ಟರೆ ಸಾಲದು, ಕಡ್ಡಾಯವಾದ ನಿಯಮಗಳನ್ನು ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಆರೇಳು ಅಡಿಯ ಇಳಿಜಾರುಗಳನ್ನು ಪ್ರಶ್ನಿಸಲು ಈಗ ಕೈಯಲ್ಲಿ ಒಂದು ಕಾಗದವಾದರೂ ಇದೆ.

ಹೊಸ ಸಾಮಾನಿನ ತಕರಾರು ಬೇರೆ. ಅಂಧ ವಿದ್ಯಾರ್ಥಿ ಈಗ ಫೋನು ಹಿಡಿದು ಕೂರುತ್ತಾನೆ, ತೆರೆಯ ಮೇಲಿನದ್ದನ್ನು ಫೋನೇ ಕನ್ನಡದಲ್ಲಿ ಓದಿ ಹೇಳುತ್ತದೆ. ಬ್ರೈಲ್ ಸಂಪುಟಗಳ ಭಾರ ಇಳಿಯಿತು. ಆದರೆ ಕನ್ನಡದ ಕಡತಗಳು ಬಹುಕಾಲ ಯೂನಿಕೋಡ್‌ನಲ್ಲಿ ಇರಲಿಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂಚಲು. ಯಂತ್ರ ಅದನ್ನು ಓದಿದರೆ ಕೇಳಿಸುವುದು ಅರ್ಥವಿಲ್ಲದ ಬಡಬಡಿಕೆ. ಪುಟದ ಫೋಟೋ ತೆಗೆದು ಮಾಡಿದ ಪಿಡಿಎಫ್ ಆದರೆ ಯಂತ್ರ ಬಾಯಿಯನ್ನೇ ಬಿಡುವುದಿಲ್ಲ. ಸಾಲಿಯ ಪ್ರಶ್ನೆಪತ್ರಿಕೆ, ಟಿಪ್ಪಣಿ, ಸುತ್ತೋಲೆಗಳಲ್ಲಿ ಈ ಎರಡೂ ಬಗೆ ಇನ್ನೂ ಧಾರಾಳವಾಗಿವೆ. ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಒಂದು ಪಾಠಕ್ಕೆ ಕೆಲವು ನಿಮಿಷದ ಕೆಲಸ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಲಿಪಿಕಾರರನ್ನು, ಹೆಚ್ಚುವರಿ ಸಮಯವನ್ನು ಮಂಡಳಿ ಕೊಡುತ್ತದೆ. ವರ್ಷವಿಡೀ ಓದಲು ಬೇಕಾದ ಈ ಕಡತಗಳನ್ನು ತಿದ್ದಿಡುವ ಕೆಲಸ ಮಾತ್ರ ಇನ್ನೂ ಆಯಾ ಸಾಲಿಯ ಮಾಸ್ತರರ ಪುರುಸೊತ್ತಿಗೆ ಬಿಟ್ಟದ್ದಾಗಿದೆ.